ಮೆಕಾಂಗ್ ನದಿಯ ಲೆಕ್ಕ ಬರೆಯಲು ಯಾರ ದುಡ್ಡು?

‘ಅನುದಾನ ಸಿಕ್ಕಿದರೆ ಮಾಡುವ’ ಎಂಬ ಮಾತು ನಮ್ಮ ಕೃಷಿಕರ ಸಭೆಗಳಲ್ಲಿ ಆಗಾಗ ಕೇಳುತ್ತೇವೆ. ಅನುದಾನ ಸಿಗುವುದೂ ಉಂಟು. ಅದು ನಿಂತ ಮೇಲೆ ಕೆಲಸ ಮುಂದುವರಿಯುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ. ಇದು ಬರೇ ಊರ ಮಟ್ಟದ ಪ್ರಶ್ನೆ ಅಲ್ಲ. ನಾಲ್ಕು ದೇಶಗಳು ಸೇರಿ ನಡೆಸುವ ಒಂದು ಸಂಸ್ಥೆಗೂ ಇದೇ ಪ್ರಶ್ನೆ ಬಂದಿದೆ. ಅದು ಆಗ್ನೇಯ ಏಷ್ಯಾದ ಮೆಕಾಂಗ್ ನದಿ ಆಯೋಗ. ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನಾ ಬೆಳಗ್ಗೆ ಲೆಕ್ಕ ಬರೆಯುವ ನನಗೆ ಇದರಲ್ಲಿ ಆಸಕ್ತಿ. ಯಾಕೆಂದರೆ ಆ ಆಯೋಗದ ಮುಖ್ಯ ಕೆಲಸವೂ ನೀರಿನ ಲೆಕ್ಕ ಬರೆಯುವುದೇ.

ನದಿಯೊಂದು, ದೇಶ ಆರು

ಮೆಕಾಂಗ್ ಹುಟ್ಟುವುದು ಟಿಬೆಟ್ ಪ್ರಸ್ಥಭೂಮಿಯಲ್ಲಿ. ಚೀನಾ, ಮ್ಯಾನ್ಮಾರ್, ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾಗಳನ್ನು ಮುಟ್ಟಿ ವಿಯೆಟ್ನಾಮಿನಲ್ಲಿ ಸಮುದ್ರ ಸೇರುವಾಗ 4,000 ಕಿಲೋಮೀಟರಿಗೂ ಮಿಕ್ಕಿ ಹರಿದಿರುತ್ತದೆ. ನಮ್ಮ ಹಾಗೆ ಅವರದೂ ಮಳೆಗಾಲದ ಬದುಕು. ಕಾಂಬೋಡಿಯಾದಲ್ಲಿ ಟೊನ್ಲೆ ಸಾಪ್ ಎಂಬ ದೊಡ್ಡ ಸರೋವರ ಇದೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ, ಸರೋವರದಿಂದ ಹೊರಗೆ ಹರಿಯುವ ಹೊಳೆ ದಿಕ್ಕು ಬದಲಿಸಿ ಒಳಗೆ ಹರಿಯುತ್ತದೆ. ಮಳೆ ಹೋದ ಮೇಲೆ ಪುನಃ ಹೊರಗೆ. ಆ ನೀರಿನೊಟ್ಟಿಗೆ ಮೀನು, ಮೆಕ್ಕಲು ಮಣ್ಣು ಎಲ್ಲ ಬರುತ್ತದೆ. ಕೆಳದಂಡೆಯಲ್ಲಿ ವರ್ಷಕ್ಕೆ ಸಿಗುವ ಮೀನು 20 ಲಕ್ಷ ಟನ್ನಿಗೂ ಹೆಚ್ಚು. ವಿಯೆಟ್ನಾಮಿನ ನದೀಮುಖದ ಗದ್ದೆಗಳು ಆ ದೇಶದ ಭತ್ತದ ಕಣಜ. ಮೇಲಿನವನು ನೀರು ಕಟ್ಟಿದರೆ ಕೆಳಗಿನವನ ಗದ್ದೆಗೆ ಏನಾದೀತು ಎಂದು ತೋಡಿನ ಕಟ್ಟದ ಜಗಳ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಯಾರು ಏನು ಕೊಟ್ಟರು?

1957ರಲ್ಲಿ ವಿಶ್ವಸಂಸ್ಥೆಯ ಏಷ್ಯಾ ಆರ್ಥಿಕ ಆಯೋಗದ ಆಶ್ರಯದಲ್ಲಿ ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ ಮತ್ತು ಆಗಿನ ದಕ್ಷಿಣ ವಿಯೆಟ್ನಾಂ ಸೇರಿ ಮೆಕಾಂಗ್ ಸಮಿತಿ ಮಾಡಿದವು. ನದಿಯಲ್ಲಿ ಎಷ್ಟು ನೀರು ಹರಿಯುತ್ತದೆ ಎಂಬ ಸರಿಯಾದ ಲೆಕ್ಕ ಆಗ ಇರಲಿಲ್ಲ. ಅಳೆಯಲು ದುಡ್ಡೂ ಇರಲಿಲ್ಲ. ಹೊರದೇಶಗಳು ಕೈಜೋಡಿಸಿದ್ದು ಇಲ್ಲಿ.

ಒಬ್ಬೊಬ್ಬರು ಒಂದೊಂದು ಕೆಲಸ ವಹಿಸಿಕೊಂಡರು. ಅಮೆರಿಕ ನೀರಿನ ಮಟ್ಟ ಅಳೆಯುವ ಕೇಂದ್ರಗಳಿಗೆ ಸಹಾಯ ಮಾಡಿತು. ಕೆನಡಾ ವಿಮಾನದಿಂದ ಫೋಟೊ ತೆಗೆದು ನಕ್ಷೆ ತಯಾರಿಸಿತು. ಜಪಾನ್ ಉಪನದಿಗಳ ಸರ್ವೆ ಮಾಡಿತು. ಆಸ್ಟ್ರೇಲಿಯಾ ಅಣೆಕಟ್ಟು ಜಾಗಗಳ ಬಂಡೆ, ಮಣ್ಣು ಪರೀಕ್ಷಿಸಿತು. ನಮ್ಮ ಭಾರತವೂ ದಾನಿಗಳ ಸಾಲಿನಲ್ಲಿತ್ತು. ಭಾರತ ಕೊಟ್ಟದ್ದು ಮಳೆಮಾಪಕಗಳನ್ನು. ಟೊನ್ಲೆ ಸಾಪ್ ಕಟ್ಟದ ಅಧ್ಯಯನವನ್ನೂ ನಮ್ಮ ಇಂಜಿನಿಯರುಗಳು ಮಾಡಿದರು. ಕೊಡುವವರೆಲ್ಲ ಭಾರೀ ಶ್ರೀಮಂತರೇ ಆಗಬೇಕೆಂದಿಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಕಟ್ಟಡದ ಕೆಲಸಕ್ಕೂ ದುಡ್ಡು ಬಂತು. ಲಾವೋಸಿನ ನಾಮ್ ಗುಮ್ ಅಣೆಕಟ್ಟಿಗೆ ಹಲವು ದೇಶಗಳು ಕೊಟ್ಟ ಹಣವನ್ನು ವಿಶ್ವಬ್ಯಾಂಕ್ ನೋಡಿಕೊಂಡಿತು. ಲಾವೋಸಿನಲ್ಲಿ ಯುದ್ಧ ನಡೆಯುತ್ತಿದ್ದಾಗಲೇ, 1971ರಲ್ಲಿ, 30 ಮೆಗಾವಾಟಿನ ಮೊದಲ ಹಂತ ಮುಗಿಯಿತು. ಹೆಚ್ಚಾದ ಕರೆಂಟು ನದಿ ದಾಟಿ ಥಾಯ್ಲೆಂಡಿಗೆ ಹೋಯಿತು.

1995ರ ಏಪ್ರಿಲ್ 5ರಂದು ಥಾಯ್ಲೆಂಡಿನ ಚಿಯಾಂಗ್ ರಾಯ್‌ನಲ್ಲಿ ನಾಲ್ಕು ದೇಶಗಳು ಹೊಸ ಒಪ್ಪಂದಕ್ಕೆ ಸಹಿ ಹಾಕಿದವು. ಸಮಿತಿ ಹೋಗಿ ಆಯೋಗ ಬಂತು. ಚೀನಾ, ಮ್ಯಾನ್ಮಾರ್ ಸದಸ್ಯರಾಗಲಿಲ್ಲ. 1996ರಿಂದ ಮಾತುಕತೆಯ ಜೊತೆಗಾರರು ಮಾತ್ರ. ಆಯೋಗಕ್ಕೆ ಡೆನ್ಮಾರ್ಕ್ ಮೀನಿನ ಅಧ್ಯಯನಕ್ಕೆ ಕೊಟ್ಟಿತು, ನೆದರ್ಲೆಂಡ್ಸ್ ನೆರೆ ನಿರ್ವಹಣೆಗೆ, ಆಸ್ಟ್ರೇಲಿಯಾ ಮತ್ತು ಫ್ರಾನ್ಸ್ ನೀರಿನ ಮಟ್ಟ ತಾನಾಗಿ ಅಳೆದು ಕಳಿಸುವ ಕೇಂದ್ರಗಳಿಗೆ. ಸ್ವೀಡನ್, ಫಿನ್ಲೆಂಡ್, ಜರ್ಮನಿ, ಸ್ವಿಟ್ಜರ್ಲೆಂಡ್ ಕೂಡ ಸೇರಿದವು.

ಇದರಿಂದ ರೈತನಿಗೆ ಏನು ಸಿಕ್ಕಿತು? ಮುಖ್ಯವಾಗಿ ನೆರೆಯ ಮುನ್ಸೂಚನೆ. ಮಳೆಗಾಲದಲ್ಲಿ ಆಯೋಗ ದಿನಾ ನೀರಿನ ಮಟ್ಟದ ಅಂದಾಜು ಕೊಡುತ್ತದೆ. ಮೇಲಿನ ಕೇಂದ್ರದಲ್ಲಿ ನೀರೇರಿದ್ದು ಕೆಳಗಿನವನಿಗೆ ಮೊದಲೇ ಗೊತ್ತಾದರೆ ದನಕರು, ಭತ್ತದ ಮೂಟೆ ಎತ್ತರಕ್ಕೆ ಸಾಗಿಸಬಹುದು.

ದಾನದ ತೊಡಕು

ದಾನದಲ್ಲೂ ತೊಡಕಿದೆ. ಹೆಚ್ಚಿನ ದಾನಿಗಳು ತಮಗೆ ಬೇಕಾದ ಕೆಲಸಕ್ಕೇ ಗುರುತು ಹಾಕಿ ಹಣ ಕೊಡುತ್ತಿದ್ದರು. ಮೀನಿಗೆ ಕೊಟ್ಟದ್ದು ಮೀನಿಗೇ. ಪ್ರತಿಯೊಬ್ಬರಿಗೂ ಬೇರೆ ಲೆಕ್ಕ, ಬೇರೆ ವರದಿ. 2016ರಿಂದ ಇದನ್ನು ಬದಲಿಸಲು ‘ಬುಟ್ಟಿ ನಿಧಿ’ ಅಂತ ಶುರುವಾಯಿತು. ಎಲ್ಲರ ಹಣ ಒಂದೇ ಬುಟ್ಟಿಗೆ. ಸದಸ್ಯ ದೇಶಗಳು ಒಪ್ಪಿದ ಐದು ವರ್ಷದ ಯೋಜನೆಯಂತೆ ಖರ್ಚು. ಅದೇ ವರ್ಷದ ಆರಂಭದಲ್ಲಿ ಆಯೋಗದ ಕಚೇರಿಗೆ ಮೊದಲ ಬಾರಿ ಸದಸ್ಯ ದೇಶದವರೊಬ್ಬರು, ವಿಯೆಟ್ನಾಮಿನ ಫಾಮ್ ತುವಾನ್ ಫಾನ್, ಮುಖ್ಯಸ್ಥರಾದರು. ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಹೊರದೇಶದವರೇ ಇದ್ದರು.

ಎರಡನೆಯ ಸಂಗತಿ ಇನ್ನೂ ದೊಡ್ಡದು. ದುಡ್ಡು ಕೊಟ್ಟವರ ಕೈಯಲ್ಲಿ ತೀರ್ಮಾನ ಇಲ್ಲ. 2010ರಲ್ಲಿ ಲಾವೋಸ್ ಮುಖ್ಯ ನದಿಗೇ ಅಡ್ಡಲಾಗಿ ಸಯಾಬುರಿ ಅಣೆಕಟ್ಟು ಕಟ್ಟುವುದಾಗಿ ತಿಳಿಸಿತು. ನಿಯಮದಂತೆ ನೆರೆಯವರ ಜೊತೆ ಸಮಾಲೋಚನೆ ನಡೆಯಿತು. ಕಾಂಬೋಡಿಯಾ, ವಿಯೆಟ್ನಾಂ ಆಕ್ಷೇಪ ಎತ್ತಿದವು. ದಾನಿ ದೇಶಗಳೂ ಇನ್ನಷ್ಟು ಅಧ್ಯಯನ ಆಗಲಿ ಅಂದವು. ಆದರೆ ‘ಬೇಡ’ ಎಂದು ತಡೆಯುವ ಅಧಿಕಾರ ಆಯೋಗಕ್ಕಿಲ್ಲ. 2012ರಲ್ಲಿ ವಿಧ್ಯುಕ್ತವಾಗಿ ಕೆಲಸ ಶುರು, 2019ರ ಅಕ್ಟೋಬರಿನಲ್ಲಿ 1,285 ಮೆಗಾವಾಟಿನ ಸ್ಥಾವರ ವ್ಯಾಪಾರಕ್ಕೆ ತೆರೆಯಿತು. ಅದರ ಹೆಚ್ಚಿನ ವಿದ್ಯುತ್ ಹೋಗುವುದು ಥಾಯ್ಲೆಂಡಿಗೆ.

ಹಾಗಾದರೆ ಅಧ್ಯಯನಕ್ಕೆ ಹಾಕಿದ ಹಣ ನೀರಲ್ಲಿ ಹೋಮವೇ? ನಾನು ಹಾಗೆ ಹೇಳಲಾರೆ. 2018ರಲ್ಲಿ ಆಯೋಗವೇ ಹೊರತಂದ ದೊಡ್ಡ ಅಧ್ಯಯನ ಒಂದು ಮಾತು ಹೇಳಿತು: ಯೋಜಿಸಿದ ಅಣೆಕಟ್ಟುಗಳೆಲ್ಲ ಎದ್ದರೆ 2040ರ ಹೊತ್ತಿಗೆ ನದೀಮುಖದ ಗದ್ದೆಗಳಿಗೆ ಬರುವ ಮೆಕ್ಕಲು ಶೇಕಡ 97ರಷ್ಟು ಕಡಿಮೆಯಾಗಬಹುದು. ಮೆಕ್ಕಲು ನಿಂತರೆ ಗೊಬ್ಬರದ ಖರ್ಚು ಏರುತ್ತದೆ, ದಂಡೆ ಕೊರೆಯುತ್ತದೆ, ಉಪ್ಪುನೀರು ಒಳಗೆ ಬರುತ್ತದೆ. ಹೊರಗಿನ ನೆರವಿನಿಂದ ಬೆಳೆದ ಅಳತೆಯ ವ್ಯವಸ್ಥೆ ಇಲ್ಲದಿದ್ದರೆ ಕೆಳಗಿನ ರೈತನ ಕೈಯಲ್ಲಿ ಈ ಅಂಕಿಯೂ ಇರುತ್ತಿರಲಿಲ್ಲ. ಅಂಕಿ ಇಲ್ಲದ ದೂರು ಬರೇ ಗೊಣಗಾಟ.

ದಾನಿ ಹಿಂದೆ ಸರಿದಾಗ

ಈ ನಾಲ್ಕು ದೇಶಗಳ ಆದಾಯ ಏರುತ್ತ ಬಂದಂತೆ ದಾನಿಗಳ ಕೈ ಬಿಗಿಯಾಯಿತು. 2016ರ ಹೊತ್ತಿಗೆ ಆಯೋಗದ ಸಿಬ್ಬಂದಿ ಬಹಳ ಕಡಿಮೆಯಾದರು. ನದಿ ಅಳೆಯುವ ಕೆಲಸವನ್ನು ಆಯಾ ದೇಶದ ಇಲಾಖೆಗಳಿಗೆ ವಹಿಸಿಕೊಡುತ್ತ ಬಂದರು. ಇದು ಬರುತ್ತದೆಂದು ಮೊದಲೇ ಅಂದಾಜಿತ್ತು. 2010ರಲ್ಲಿ ಥಾಯ್ಲೆಂಡಿನ ಹುವಾ ಹಿನ್‌ನಲ್ಲಿ ಸೇರಿದ ನಾಲ್ಕೂ ದೇಶಗಳ ಪ್ರಧಾನಿ ಮಟ್ಟದ ಸಭೆಯ ಹೊತ್ತಿಗೇ, 2030ರ ಒಳಗೆ ಆಯೋಗದ ಖರ್ಚನ್ನು ನಾವೇ ಹೊರಬೇಕು ಎಂಬ ಗುರಿ ಇಟ್ಟುಕೊಂಡಿದ್ದರು. ವರ್ಷ ವರ್ಷ ಸದಸ್ಯರ ವಂತಿಗೆ ಏರಿಸುತ್ತ ಹೋಗುವುದು ಕ್ರಮ. ಒಂದೇ ಸಲ ಹೊರೆ ಬೀಳುವುದಿಲ್ಲ.

ನಮ್ಮ ಊರ ಪಕ್ಕ ಹಿಂದೆ ಒಂದು ಜಲಾನಯನ ಯೋಜನೆ ಬಂದಿತ್ತು. ಹೊಳೆಬದಿಯಲ್ಲಿ ಅಳತೆಗೆರೆ ಬರೆದ ಕಂಬ ನೆಟ್ಟರು, ಓದಿ ಬರೆಯುವ ಹುಡುಗನಿಗೆ ಸಂಬಳವನ್ನೂ ಕೊಟ್ಟರು. ಯೋಜನೆಯ ಅವಧಿ ಮುಗಿಯಿತು, ಸಂಬಳ ನಿಂತಿತು. ಕಂಬ ಈಗಲೂ ಇದೆ, ಓದುವವರಿಲ್ಲ. ಕಂಬಕ್ಕೆ ಆದ ಖರ್ಚಿನ ಎದುರು ಹುಡುಗನ ಸಂಬಳ ತೀರಾ ಸಣ್ಣದು. ಆದರೆ ಆ ಸಣ್ಣದನ್ನು ಯಾರು ಕೊಡುವುದು ಅಂತ ಕಂಬ ನೆಡುವಾಗ ಯಾರೂ ಕೇಳಲಿಲ್ಲ.

ಮೆಕಾಂಗಿನವರು ಅದನ್ನು ಕೇಳಿದರು, ತಡವಾಗಿಯಾದರೂ. ಅವರ ಅನುಭವದಿಂದ ನಮ್ಮ ಸಂಘ ಸಂಸ್ಥೆಗಳಿಗೆ ನಾನು ಮೂರು ಮಾತು ಹೆಕ್ಕಿಕೊಂಡಿದ್ದೇನೆ. ಒಂದು, ಹೊರಗಿನ ದುಡ್ಡನ್ನು ಒಮ್ಮೆ ಮಾಡಿ ಮುಗಿಸುವ ಕೆಲಸಕ್ಕೆ ಬಳಸಿ: ಉಪಕರಣ, ಸರ್ವೆ, ತರಬೇತಿ. ಎರಡು, ದಿನಾ ನಡೆಯಬೇಕಾದ ಕೆಲಸಕ್ಕೆ ಸದಸ್ಯರ ವಂತಿಗೆ ಮೊದಲ ವರ್ಷದಿಂದಲೇ ಇರಲಿ. ಸಣ್ಣದಾದರೂ ಸರಿ, ವರ್ಷಕ್ಕಿಷ್ಟು ಏರಲಿ. ಮೂರು, ಹಲವರು ಕೊಡುವುದಾದರೆ ಬುಟ್ಟಿ ಒಂದೇ ಇರಲಿ, ಲೆಕ್ಕವೂ ಒಂದೇ. ಮುಂದಿನ ಸಲ ‘ಅನುದಾನ ಸಿಕ್ಕಿದರೆ’ ಎಂಬ ಮಾತು ಬಂದಾಗ, ‘ಅದು ನಿಂತ ಮಾರನೇ ವರ್ಷದ ಖರ್ಚು ಎಷ್ಟು, ಯಾರು ಕೊಡುತ್ತಾರೆ?’ ಅಂತ ಕೇಳಿ. ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ.