ಕಿಡ್ನಿಯ ನಾಳಕ್ಕೆ ಕಿವಿಗೊಟ್ಟಾಗ

ಬಿನ್ನಿಪೇಟೆಯಲ್ಲಿ ರೈಲು ಹಳಿಯ ಪಕ್ಕ ನಿಂತವರಿಗೆಲ್ಲ ಗೊತ್ತು: ಎದುರಿಗೆ ಬರುವ ರೈಲಿನ ಹಾರನ್ ಕೀರಲಾಗಿ ಕೇಳುತ್ತದೆ, ನಮ್ಮನ್ನು ದಾಟುತ್ತಿದ್ದಂತೆ ಅದೇ ದನಿ ಇಳಿದುಬಿಡುತ್ತದೆ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ವಿವರಿಸಿದ ತತ್ವ ಇದು. ಕಿಡ್ನಿಗೆ ಹೋಗುವ ರಕ್ತನಾಳ ಕಿರಿದಾಗಿದೆಯೇ ಎಂದು ಪತ್ತೆಹಚ್ಚುವುದೂ ಇದರಿಂದಲೇ. ಮೂರು ಬಗೆಯ ಮಾತ್ರೆ ನುಂಗಿದರೂ ಇಳಿಯದ ಬಿಪಿಯ ಮೂಲ ಕೆಲವರಲ್ಲಿ ಅಲ್ಲಿರುತ್ತದೆ.

ನಾಳ ಕಿರಿದಾಗಿ ರಕ್ತ ಕಡಿಮೆ ಬಂದಾಗ, ಪಾಪ, ಕಿಡ್ನಿ ಮೋಸಹೋಗುತ್ತದೆ. ತನ್ನ ನಲ್ಲಿಯಲ್ಲಿ ಕಾವೇರಿ ಸಣ್ಣಗೆ ಬಂದರೆ ಇಡೀ ಬಡಾವಣೆಗೇ ನೀರಿಲ್ಲ ಎಂದುಕೊಳ್ಳುವ ಬೀದಿಯ ಕೊನೆಯ ಮನೆಯವರಂತೆ, ಮೈಯೆಲ್ಲ ರಕ್ತದೊತ್ತಡ ಕುಸಿದಿದೆ ಎಂದು ತಿಳಿದು ರೆನಿನ್ ಎಂಬ ಕಿಣ್ವ ಬಿಡುತ್ತದೆ. ಅದರಿಂದ ಹುಟ್ಟುವ ಆಂಜಿಯೋಟೆನ್ಸಿನ್ ನಾಳಗಳನ್ನು ಬಿಗಿಸಿ, ಉಪ್ಪುನೀರನ್ನು ದೇಹದಲ್ಲೇ ತಡೆದು ಬಿಪಿ ಏರಿಸುತ್ತದೆ. 1934ರಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿ ನಾಳವನ್ನು ಬೆಳ್ಳಿಯ ಕ್ಲ್ಯಾಂಪಿನಿಂದ ಬಿಗಿದಾಗ ಅವುಗಳ ಬಿಪಿ ಏರಿತ್ತು.

ಡಾಪ್ಲರ್ ಸ್ಕ್ಯಾನಿಂಗ್‌ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಕರುಳಿನ ಗ್ಯಾಸ್ ಶಬ್ದತರಂಗಕ್ಕೆ ಅಡ್ಡ. ತಣ್ಣನೆಯ ಜೆಲ್ ಸವರಿ, ಪ್ರೋಬ್ ಒತ್ತಿ, "ಉಸಿರು ಹಿಡ್ಕೊಳ್ಳಿ... ಹಾಂ, ಬಿಡಿ" ಎನ್ನುತ್ತಾರೆ. ಓಡುವ ರಕ್ತಕಣಗಳಿಗೆ ಬಡಿದು ಮರಳಿದ ತರಂಗ ನಾಡಿಯ ಲಯದಲ್ಲಿ ಷ್... ಷ್... ಎಂದು ಮೆಷಿನ್ನಿನಿಂದ ಕೇಳುತ್ತದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಾಗ ನೀರು ಚಿಮ್ಮುವಂತೆ, ಕಿರಿದಾದ ಕಡೆ ರಕ್ತ ನುಗ್ಗುತ್ತದೆ. ವೇಗ ಸೆಕೆಂಡಿಗೆ ಸುಮಾರು 200 ಸೆಂ.ಮೀ. ದಾಟಿದರೆ ಅನುಮಾನ ಬಲವಾಗುತ್ತದೆ. ಸೂಜಿಯಿಲ್ಲ, ವಿಕಿರಣವಿಲ್ಲ, ಆದರೆ ನೋಡುವವರ ಕೈ ಪಳಗಿರಬೇಕು.

ಆಮೇಲಿನದು ನಾಳದ ಚಿತ್ರ ತೆಗೆಯುವ ಸಿಟಿ ಆಂಜಿಯೋ. ಅದಕ್ಕೆ ಚುಚ್ಚುವ ಔಷಧ ಸೋತ ಕಿಡ್ನಿಗೆ ಭಾರವಾಗಬಹುದು, ಹಾಗಾಗಿ ಕಿಡ್ನಿ ಹೇಗಿದೆಯೆಂದು ತಿಳಿಯಲು ಮೊದಲು ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ. ವಯಸ್ಸಾದವರಲ್ಲಿ ನಾಳದ ಬುಡದಲ್ಲೇ ಕೊಬ್ಬು ಕಟ್ಟಿದ್ದು ಕಾಣುತ್ತದೆ. ಕೆಲವು ಹೆಂಗಸರಲ್ಲಿ ನಾಳ ಉಬ್ಬುತ್ತ ಕುಗ್ಗುತ್ತ ಥೇಟ್ ಮಣಿಸರ. ನಮ್ಮ ದೇಶದ ಎಳೆಯರಲ್ಲಿ ಟಕಯಾಸು ಎಂಬ ನಾಳದ ಉರಿಯೂತವೂ ಮುಖ್ಯ ಕಾರಣ. ಇಪ್ಪತ್ತೈದರ ಹುಡುಗಿಗೆ ಬಿಪಿ ಬಂದರೆ "ಟೆನ್ಷನ್ ಬಿಡಮ್ಮ" ಎಂದು ಕಳಿಸುವುದು ನನಗೆ ಸಂಕಟ ತರುವುದು ಇದಕ್ಕೇ.

ಚಿತ್ರದಲ್ಲಿ ನಾಳ ಕಿರಿದಾಗಿ ಕಂಡ ಮಾತ್ರಕ್ಕೆ ಸ್ಟೆಂಟ್ ಬೇಕೆಂದಲ್ಲ. ಕೊಬ್ಬು ಕಟ್ಟಿದ ನಾಳಕ್ಕೆ ಮಾತ್ರೆಯ ಜೊತೆ ಸ್ಟೆಂಟ್ ಹಾಕಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ ಎಂದು 2014ರಲ್ಲಿ ಪ್ರಕಟವಾದ ಕೋರಲ್ ಅಧ್ಯಯನ ತೋರಿಸಿತು. ಮಣಿಸರದಂಥ ನಾಳವನ್ನಾದರೆ ಬಲೂನ್ ಹಿಗ್ಗಿಸಿ ಬಿಡಿಸುತ್ತಾರೆ. ಆಗ ಎಷ್ಟೋ ಜನರ ಮಾತ್ರೆ ಕಡಿಮೆಯಾಗುತ್ತದೆ, ಕೆಲವರದು ನಿಂತೇಹೋಗುತ್ತದೆ.