ಗಾಬರಿ ಇಳಿದ ಮೇಲೆ

ತಂತಿ ಎಂದರೆ ಕೆಟ್ಟ ಸುದ್ದಿ ಎಂದೇ ಜನ ಬಗೆದಿದ್ದ ಕಾಲ ಅದು. ಒಂದು ರಾತ್ರಿ ನಮ್ಮ ಮನೆಗೂ ತಂತಿ ಬಂತು. ಬಾಗಿಲು ಬಡಿದ ಸದ್ದಿಗೇ ತಾಯಿಯವರು ನಡುಗಿಹೋದರು. ಒಡೆದು ಓದಿದರೆ ನನಗೆ ಕೆಲಸ ಸಿಕ್ಕಿದ ವಾರ್ತೆ! ಅವರ ನಡುಕ ನಿಂತಿತು. ತಳಮಳ ಮಾತ್ರ ಬಹಳ ಹೊತ್ತು ಉಳಿಯಿತು. “ಒಳ್ಳೆಯ ಸುದ್ದಿಗೂ ಹೀಗೇಕಮ್ಮ?” ಎಂದು ನಾನು ರೇಗಿದೆ. ಭಯವು ಸ್ಥಾಯಿಭಾವ, ನಡುಕ ಬೆವರುಗಳು ಸಾತ್ತ್ವಿಕ ಭಾವಗಳೆಂದು ಮುಂದೆ ವರ್ಷಗಟ್ಟಲೆ ಪಾಠ ಹೇಳಿದ ನನಗೆ, ಆ ಪ್ರಶ್ನೆಯ ಉತ್ತರದ ಒಂದು ಪಾಲು ದೊರೆತದ್ದು ಶರೀರಶಾಸ್ತ್ರದಲ್ಲಿ.

ಗಾಬರಿಯಾದಾಗ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಸುರಿಸುತ್ತವೆ. ಅದು ಮಿದುಳನ್ನು ಸುಲಭವಾಗಿ ಹೊಗಲಾರದು. ಅಲ್ಲಿ ಕೆಲಸ ಮಾಡುವುದು ಅದರ ಒಡಹುಟ್ಟಿನಂತಿರುವ ನಾರ್‌ಅಡ್ರಿನಲಿನ್. ಮಿದುಳಿನ ಬುಡದ ನರಕೋಶಗಳು ಇದನ್ನು ಹೈಪೊಥಲಾಮಸ್ ಎಂಬ ಭಾಗಕ್ಕೆ ಮುಟ್ಟಿಸುತ್ತವೆ. ಇದನ್ನು ಗುರುತಿಸಿ ಬರಮಾಡಿಕೊಳ್ಳುವ, ಕೋಶದ ಪೊರೆಯಲ್ಲಿರುವ ಪ್ರೋಟೀನುಗಳೇ ಗ್ರಾಹಕಗಳು. ಇವುಗಳನ್ನು ೧೯೪೮ರಲ್ಲಿ ಆಲ್ಫಾ, ಬೀಟಾ ಎಂದು ವಿಂಗಡಿಸಿದವರು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್.

ಹೈಪೊಥಲಾಮಸಿನ ಕೆಲವು ಕೋಶಗಳು ಸಿ.ಆರ್.ಎಚ್. ಎಂಬ ನ್ಯೂರೊಪೆಪ್ಟೈಡನ್ನು ತಯಾರಿಸುತ್ತವೆ. ಇದು ೪೧ ಅಮೈನೊ ಆಮ್ಲಗಳ ಕಿರುಸರ. ಇದರ ರಚನೆಯನ್ನು ೧೯೮೧ರಲ್ಲಿ ವೈಲಿ ವೇಲ್ ಮತ್ತು ಸಂಗಡಿಗರು ಕುರಿಯ ಮಿದುಳಿನಿಂದ ಕಂಡುಕೊಂಡರು. ಇದರ ಸಂದೇಶಕ್ಕೆ ಪಿಟ್ಯುಟರಿ ಗ್ರಂಥಿ ಎಚ್ಚರಗೊಂಡು, ಕೊನೆಗೆ ರಕ್ತದಲ್ಲಿ ಕಾರ್ಟಿಸಾಲ್ ಏರುತ್ತದೆ. ಅಡ್ರಿನಲಿನ್ ಕ್ಷಣಗಳಲ್ಲಿ ಏರುತ್ತದೆ, ಬೇಗನೆ ಇಳಿಯುತ್ತದೆ. ಕಾರ್ಟಿಸಾಲ್ ಏರುವುದೂ ನಿಧಾನ, ಇಳಿಯುವುದೂ ನಿಧಾನ.

ಇಲ್ಲೊಂದು ಸ್ವಾರಸ್ಯವಿದೆ. ಹೊರಬಿಟ್ಟ ನಾರ್‌ಅಡ್ರಿನಲಿನ್ನಿನ ಬಹುಪಾಲನ್ನು ನರದ ತುದಿ ಹಿಂದಕ್ಕೆ ಹೀರಿಕೊಂಡು ಮತ್ತೆ ಬಳಸಬಲ್ಲದು. ನ್ಯೂರೊಪೆಪ್ಟೈಡ್ ಹಾಗಲ್ಲ. ಜೀನಿನ ಬರಹವನ್ನು ಮತ್ತೆ ಓದಿ, ಉದ್ದನೆಯ ಸರವೊಂದನ್ನು ಹೆಣೆದು, ಬೇಕಾದ ತುಂಡನ್ನು ಕತ್ತರಿಸಿ ಹೊಸದಾಗಿಯೇ ಮಾಡಬೇಕು. ಕಣಜ ಬರಿದಾದರೆ ಬಿತ್ತಿ ಬೆಳೆದೇ ತುಂಬಬೇಕಲ್ಲವೆ? ಆ ಬಿತ್ತನೆಗೂ ಗ್ರಾಹಕದ ಅಪ್ಪಣೆಯುಂಟು. ಇಲಿಗಳ ಹೈಪೊಥಲಾಮಸಿಗೆ ನಾರ್‌ಅಡ್ರಿನಲಿನ್ ಸೇರಿಸಿದಾಗ ಸಿ.ಆರ್.ಎಚ್. ಜೀನಿನ ಚಟುವಟಿಕೆ ಹೆಚ್ಚಿತು. ಇದರಲ್ಲಿ ಮುಖ್ಯ ಪಾತ್ರ ಆಲ್ಫಾ-೧ ಗ್ರಾಹಕದ್ದು. ಎಂದರೆ, ಈ ಗಳಿಗೆಯ ಗಾಬರಿಗೆ ಓಗೊಡುವ ಬಾಗಿಲೇ ಮುಂದಿನ ಗಾಬರಿಗೂ ದಾಸ್ತಾನು ಮಾಡಿಸುತ್ತದೆ. ಇದಕ್ಕೆ ಕಡಿವಾಣವೂ ಇದೆ: ಏರಿದ ಕಾರ್ಟಿಸಾಲೇ ಮರಳಿ ಬಂದು ಸಿ.ಆರ್.ಎಚ್. ತಯಾರಿಕೆಯನ್ನು ತಗ್ಗಿಸುತ್ತದೆ. ಆದರೆ ಅದಕ್ಕೆ ಹೊತ್ತು ಬೇಕು.

ತಂತಿ ೨೦೧೩ರಲ್ಲಿ ನಿಂತಿತು. ಅಪರಾತ್ರಿಯ ದೂರವಾಣಿ ಕರೆ ನಿಂತಿಲ್ಲ. ಅಂಥ ಕರೆಯ ತರುವಾಯ ಮನೆಯಲ್ಲಿ ಯಾರಾದರೂ ಬೇಗ ಸಮಾಧಾನಗೊಳ್ಳದಿದ್ದರೆ, ಅಂದು ನಾನು ರೇಗಿದಂತೆ ರೇಗಬೇಡಿ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತಿರಿ.