ದಿನ ತುಂಬುವ ಮೊದಲೇ ಬಂದ ಕೂಸು

ಗೃಹಸ್ಥರ ಮನೆಗಳಲ್ಲಿ ಚೊಚ್ಚಲು ಬಸಿರಿಗೆ ಸಲ್ಲುವ ಉಪಚಾರವು ಎರಡನೆಯದಕ್ಕೆ ಸಲ್ಲುವುದಿಲ್ಲವೆಂಬುದನ್ನು ವಾಚಕರು ಬಲ್ಲರು. ಮೊದಲನೆಯ ಸಲ ಬಯಕೆಯೂಟ, ಸೀಮಂತ, ಬಳೆ ತೊಡಿಸುವ ಸಂಭ್ರಮ, ತವರಿನಿಂದ ಕರೆಯಲು ಬರುವವರು, ದಿನಕ್ಕೊಂದು ಎಚ್ಚರಿಕೆಯ ಮಾತು. ಎರಡನೆಯ ಸಲಕ್ಕೆ “ಅವಳಿಗೇನು, ದಾರಿ ಗೊತ್ತಿದೆ” ಎಂಬ ಒಂದೇ ಮಾತು. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಆ ಮಾತನ್ನು ಎಲ್ಲರಿಗಿಂತ ಹೆಚ್ಚಾಗಿ ಆಡಿದವನು ನಾನೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾವಿರುವುದು ತೀರ್ಥಹಳ್ಳಿಯಲ್ಲಿ. ೨೦೧೮ನೆಯ ಇಸವಿಯ ಆಷಾಢ ಮಾಸ. ಮಳೆ ಹಿಡಿದದ್ದು ಬಿಟ್ಟಿರಲಿಲ್ಲ. ತುಂಗೆಯು ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ನನ್ನ ಪತ್ನಿಗೆ ಆಗ ಎಂಟನೆಯ ತಿಂಗಳು ನಡೆಯುತ್ತಿತ್ತು. ವೈದ್ಯರ ಲೆಕ್ಕದಲ್ಲಿ ಮೂವತ್ತಮೂರು ವಾರ. ಗಣಪತಿಯ ಹಬ್ಬದ ಹೊತ್ತಿಗೆ ಹೆರಿಗೆಯೆಂದು ಹೇಳಿದ್ದರು. ನಾಲ್ಕು ವರ್ಷದ ಮಗಳಿಗೂ ಹಾಗೆಯೇ ಮಾತು ಕೊಟ್ಟಿದ್ದೆವು: ಗಣಪತಿಯ ಜೊತೆಗೆ ಪಾಪು ಬರುವುದು, ಅದಕ್ಕೆ ಮುಂಚೆ ಬರುವುದಿಲ್ಲ.

ತ್ರಯೋದಶಿಯ ಸಂಜೆ ಆಕೆಯು ಸೊಂಟ ನೋಯುತ್ತದೆಂದಳು. ಮಧ್ಯಾಹ್ನ ಹಲಸಿನ ಹಣ್ಣು ತಿಂದದ್ದರ ಫಲವೆಂದು ನಾನು ತೀರ್ಮಾನ ಕೊಟ್ಟೆನು. ನಮ್ಮ ತಾಯಿಯವರು ಜೀರಿಗೆಯ ಕಷಾಯ ಮಾಡಿಕೊಟ್ಟರು. ರಾತ್ರಿ ಹನ್ನೊಂದರ ಸುಮಾರಿಗೆ ಆಕೆ ನನ್ನನ್ನು ಎಬ್ಬಿಸಿ, “ನೋಡಿ, ಇದು ಹಲಸಿನ ಹಣ್ಣಲ್ಲ. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಬಿಡುತ್ತದೆ, ಹತ್ತು ನಿಮಿಷಕ್ಕೊಂದು ಸಲ” ಎಂದಳು. ಆಕೆ ಗಡಿಯಾರ ನೋಡಿಕೊಂಡು ಎಣಿಸಿದ್ದಳು. ನಾನೋ ಬೆಳಗಾಗಲಿ ಎನ್ನುವವನಿದ್ದೆ.

ಇಲ್ಲಿ ಸ್ವಲ್ಪ ನಿಂತು ಹೇಳುವುದು ನನ್ನ ಕರ್ತವ್ಯ. ತುಂಬಿದ ಮೂವತ್ತೇಳು ವಾರಗಳಿಗೆ ಮೊದಲು ನೋವು ಕಾಣಿಸಿಕೊಂಡರೆ ಅದನ್ನು ಬೆಳಗಿನವರೆಗೆ ತಡೆದು ನೋಡಬಾರದು. ಕ್ರಮವಾಗಿ ಹೊಟ್ಟೆ ಬಿಗಿಯುವುದು, ಬಂದು ಬಂದು ಹೋಗುವ ಸೊಂಟನೋವು, ನೀರು ಹೋಗುವುದು, ರಕ್ತ ಕಾಣುವುದು, ಇವುಗಳಲ್ಲಿ ಒಂದಿದ್ದರೂ ಸಾಕು, ಹೊರಡಬೇಕು. ಮೊದಲನೆಯ ಮಗು ದಿನ ತುಂಬಿಯೇ ಹುಟ್ಟಿದ್ದರೆ ಎರಡನೆಯದೂ ಹಾಗೆ ಹುಟ್ಟುವ ಸಂಭವವು ಹೆಚ್ಚೆಂಬುದು ನಿಜ. ಆದರೆ ಅದು ಮುಚ್ಚಳಿಕೆಯಲ್ಲ. ಮೂತ್ರದ ಸೋಂಕು, ರಕ್ತದೊತ್ತಡ, ರಕ್ತಹೀನತೆ, ಎರಡು ಬಸಿರುಗಳ ನಡುವೆ ಅಂತರ ಸಾಲದೆ ಹೋಗುವುದು ಮುಂತಾದವು ಅಕಾಲದ ಹೆರಿಗೆಗೆ ದಾರಿ ಮಾಡಬಲ್ಲವು. ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ೨೦೨೦ರಲ್ಲಿ ಜಗತ್ತಿನಲ್ಲಿ ಸುಮಾರು ೧ ಕೋಟಿ ೩೪ ಲಕ್ಷ ಶಿಶುಗಳು ಹೀಗೆ ಮುಂಚಿತವಾಗಿ ಹುಟ್ಟಿದವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು; ಅವುಗಳಲ್ಲಿ ಸುಮಾರು ೩೦ ಲಕ್ಷ ನಮ್ಮ ದೇಶದವು.

ತಾಲ್ಲೂಕಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದ ವೈದ್ಯೆಯು ಪರೀಕ್ಷಿಸಿ, ಮರುಮಾತಿಲ್ಲದೆ ನನ್ನ ಪತ್ನಿಗೆ ಒಂದು ಚುಚ್ಚುಮದ್ದು ಕೊಟ್ಟರು. “ಇದು ನಿಮಗಲ್ಲಮ್ಮ, ಒಳಗಿರುವ ಮಗುವಿನ ಶ್ವಾಸಕೋಶಕ್ಕೆ” ಎಂದರು. ಡೆಕ್ಸಾಮೆಥಸೋನ್ ಎಂಬ ಈ ಔಷಧವನ್ನು ಹನ್ನೆರಡು ಗಂಟೆಗೊಂದರಂತೆ ನಾಲ್ಕು ಸಲ ಕೊಡುವುದು ಪದ್ಧತಿ. ಇದರ ಹಿಂದಿನ ಕಥೆಯು ತಿಳಿಯತಕ್ಕದ್ದು. ದಿನ ತುಂಬದ ಶಿಶುವಿನ ಶ್ವಾಸಕೋಶದ ಗಾಳಿಗೂಡುಗಳು ಉಸಿರು ಬಿಟ್ಟೊಡನೆ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಅವನ್ನು ತೆರೆದಿಡುವ ಜಿಡ್ಡಿನಂತಹ ದ್ರವ್ಯವೊಂದು ಇನ್ನೂ ಸಾಕಷ್ಟು ಹುಟ್ಟಿರುವುದಿಲ್ಲ. ೧೯೫೯ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ಎಂಬ ವಿದ್ವಾಂಸರು ಇದನ್ನು ಕಂಡುಹಿಡಿದರು. ಆದರೂ ೧೯೬೩ರಲ್ಲಿ ಆ ದೇಶದ ಅಧ್ಯಕ್ಷರಾದ ಕೆನೆಡಿಯವರಿಗೆ ಐದೂವರೆ ವಾರ ಮುಂಚಿತವಾಗಿ, ಎರಡು ಕಿಲೋಗ್ರಾಮಿಗೂ ಮಿಗಿಲಾದ ತೂಕದಿಂದ ಹುಟ್ಟಿದ ಗಂಡುಮಗುವನ್ನು ಯಾರಿಂದಲೂ ಉಳಿಸಲಾಗಲಿಲ್ಲ. ಎರಡು ದಿನವೂ ತುಂಬದೆ ಉಸಿರಿನ ಈ ಕಾಯಿಲೆಯಿಂದಲೇ ಅದು ತೀರಿಕೊಂಡಿತು. ಮುಂದೆ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬಿಬ್ಬರು, ಹೆರಿಗೆಗೆ ಮೊದಲೇ ತಾಯಿಗೆ ಈ ಜಾತಿಯ ಔಷಧವನ್ನು ಕೊಟ್ಟರೆ ಶಿಶುವಿನ ಶ್ವಾಸಕೋಶ ಬೇಗ ಪಕ್ವವಾಗುವುದೆಂದು ೧೯೭೨ರಲ್ಲಿ ತೋರಿಸಿಕೊಟ್ಟರು. ಅಂದು ಅಷ್ಟು ದೊಡ್ಡ ಮನೆತನಕ್ಕೆ ದೊರೆಯದಿದ್ದುದು ಇಂದು ತಾಲ್ಲೂಕಿನ ಆಸ್ಪತ್ರೆಯ ಕಪಾಟಿನಲ್ಲಿರುತ್ತದೆ. ನೋವು ಕಂಡೊಡನೆ ಅಲ್ಲಿಗೆ ಹೋದವರಿಗೆ ಮಾತ್ರ.

ಅಲ್ಲಿಂದ ೧೦೮ರ ಗಾಡಿಯಲ್ಲಿ ಮಂಡಗದ್ದೆಯ ಮಾರ್ಗವಾಗಿ ಶಿವಮೊಗ್ಗೆಗೆ. ಆ ಅರುವತ್ತು ಕಿಲೋಮೀಟರಿನ ದಾರಿಯನ್ನು ವರ್ಣಿಸಲಾರೆ. ಮರುದಿನ ಚತುರ್ದಶಿ, ಗುರುವಾರ; ಮಧ್ಯಾಹ್ನ ಎರಡನೆಯ ಚುಚ್ಚುಮದ್ದು ಬಿದ್ದಿತು, ಮೂರನೆಯದಕ್ಕೆ ಕಾಯದೆ ಸಂಜೆ ಆರು ಗಂಟೆಗೆ ಗಂಡುಮಗು ಹುಟ್ಟಿತು. ತೂಕ ೧,೭೫೦ ಗ್ರಾಂ. ಅತ್ತ ದನಿಯು ಬೆಕ್ಕಿನ ಮರಿಯದಕ್ಕಿಂತ ದೊಡ್ಡದಾಗಿರಲಿಲ್ಲ. ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳು ಒಳಕ್ಕೆ ಸೇದುತ್ತಿದ್ದವು. ಮೂಗಿಗೆ ನಳಿಕೆಯಿಟ್ಟು, ಮೆಲ್ಲನೆಯ ಒತ್ತಡದಿಂದ ಗಾಳಿ ಕೊಡುವ ಯಂತ್ರಕ್ಕೆ ಸೇರಿಸಿದರು.

ಮರುದಿನ ರಾತ್ರಿ ಚಂದ್ರಗ್ರಹಣ. ಈ ಶತಮಾನದಲ್ಲೇ ಅತಿ ದೀರ್ಘವಾದ ಖಗ್ರಾಸ ಗ್ರಹಣವೆಂದು ಪತ್ರಿಕೆಗಳಲ್ಲಿ ಬಂದಿದ್ದುದು ಅನೇಕರಿಗೆ ನೆನಪಿರಬಹುದು. ಆಸ್ಪತ್ರೆಯ ಪಡಸಾಲೆಯಲ್ಲಿ ಜನವೇ ಇರಲಿಲ್ಲ. ಊರಿನಿಂದ ನೆರೆಮನೆಯ ಹಿರಿಯರೊಬ್ಬರು ದೂರವಾಣಿಯಲ್ಲಿ, “ಏಳರದಾಗಿದ್ದರೂ ಚಿಂತೆಯಿರಲಿಲ್ಲಪ್ಪ. ಎಂಟರಲ್ಲಿ ಬಿದ್ದಿದೆ, ಮೇಲೆ ಗ್ರಹಣ ಬೇರೆ. ಮನಸ್ಸು ಗಟ್ಟಿ ಮಾಡಿಕೋ” ಎಂದರು. ಅವರದು ಒಳ್ಳೆಯ ಮನಸ್ಸೇ. ಆದರೆ ಆ ರಾತ್ರಿ ನನಗೆ ಆ ಮಾತಿನಷ್ಟು ಭಾರವಾದುದು ಮತ್ತೊಂದಿರಲಿಲ್ಲ.

ಏಳು ತಿಂಗಳ ಕೂಸು ಉಳಿಯುವುದು, ಎಂಟು ತಿಂಗಳದು ಉಳಿಯದು ಎಂಬ ಈ ನಂಬಿಕೆಯು ಬಹು ಹಳೆಯದು. ಎಂಟನೆಯ ತಿಂಗಳಲ್ಲಿ ಓಜಸ್ಸು ತಾಯಿಗೂ ಗರ್ಭಕ್ಕೂ ನಡುವೆ ನಿಲ್ಲದೆ ಸಂಚರಿಸುತ್ತಿರುವುದರಿಂದ ಆಗಿನ ಜನನವು ಅಪಾಯಕರವೆಂದು ಚರಕ, ಸುಶ್ರುತ ಸಂಹಿತೆಗಳಲ್ಲಿಯೇ ಹೇಳಿದೆ. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನಲ್ಲಿರುವ ಗ್ರಂಥಗಳಲ್ಲಿ ಎಂಟು ತಿಂಗಳ ಶಿಶುವಿನ ವಿಚಾರವಾಗಿಯೇ ಒಂದು ಗ್ರಂಥವಿದೆ. ಪೂಜ್ಯರ ಮಾತೆಂದು ಗೌರವಿಸೋಣ. ಆದರೆ ಇಂದಿನ ಲೆಕ್ಕಗಳು ಹೇಳುವುದು ಬೇರೆ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಶಿಶುವಿನ ಬಲವನ್ನು ಹೆಚ್ಚಿಸುತ್ತದೆ. ಎಂಟರಲ್ಲಿ ಹುಟ್ಟಿದುದು ಏಳರದಕ್ಕಿಂತ ಬದುಕುವ ಸಂಭವ ಹೆಚ್ಚೇ ಹೊರತು ಕಡಮೆಯಲ್ಲ. ಈ ನಂಬಿಕೆಯ ಕೇಡು ಅದು ಸುಳ್ಳೆಂಬುದರಲ್ಲಿಲ್ಲ. ಅದನ್ನು ನಂಬಿದವರು ಕೈಬಿಟ್ಟು ಕೂರುತ್ತಾರೆಂಬುದರಲ್ಲಿದೆ.

ಇದು ನನಗೆ ಪುಸ್ತಕದಿಂದ ತಿಳಿದುದಲ್ಲ. ಐದನೆಯ ದಿನ ನಮ್ಮ ತಾಯಿಯವರು ಶಿವಮೊಗ್ಗೆಗೆ ಬಂದರು. ಉಸಿರಿನ ಯಂತ್ರವನ್ನು ಆಗಲೇ ತೆಗೆದಿದ್ದರು. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿಯು ಸುಮಾರು ಮೂವತ್ತನಾಲ್ಕು ವಾರಕ್ಕೆ ಬರುವುದರಿಂದ, ಅದುವರೆಗೆ ತಾಯಿಯ ಹಾಲನ್ನು ಹಿಂಡಿ ನಳಿಕೆಯಿಂದ ಹೊಟ್ಟೆಗೆ ಬಿಡುತ್ತಿದ್ದರು. ಅಂದು ದಾದಿಯು ಮೂತಿಯುಳ್ಳ ಒಂದು ಪುಟ್ಟ ಉಕ್ಕಿನ ಪಾತ್ರೆಯನ್ನು ತಂದು, “ಪಾಲಾಡೆಯಲ್ಲಿ ಹಾಕಿ ನೋಡೋಣ” ಎಂದಳು. ನಮ್ಮ ತಾಯಿಯವರು ನೋಡಿ, “ಇದು ನಮ್ಮ ಒಳಲೆಯಲ್ಲವೇ!” ಎಂದರು. ಹೌದು, ಅದೇ ಒಳಲೆ. ಬಾಟಲಿಗಿಂತ ಇದೇ ನಿರ್ಮಲವೆಂದು ಇಂದಿನ ವೈದ್ಯರೂ ಮೆಚ್ಚಿಕೊಂಡಿರುವರು. ಕೂಸು ಐದು ಮಿಲಿಲೀಟರ್ ಹಾಲನ್ನು ಹತ್ತು ನಿಮಿಷದಲ್ಲಿ ನುಂಗಿತು.

ಆ ಸಂಜೆ ಅವರು ಪಡಸಾಲೆಯ ಬೆಂಚಿನ ಮೇಲೆ ಕುಳಿತು ನಿಧಾನವಾಗಿ ಹೇಳಿದರು: “ನಿನ್ನ ಹಿಂದೆ ಒಬ್ಬ ಹುಟ್ಟಿದ್ದ. ಎಂಟರಲ್ಲಿಯೇ. ಅರಳೆಯಲ್ಲಿ ಸುತ್ತಿ ಮೊರದಲ್ಲಿ ಮಲಗಿಸಿದರು. ಉಳಿಯುವುದಿಲ್ಲವೆಂದು ಯಾರೂ ಹಾಲು ಹಾಕಲು ಹೋಗಲಿಲ್ಲ. ನನಗೆ ಏಳಲು ಬಿಡಲಿಲ್ಲ. ಎರಡು ದಿನ ಇದ್ದ.” ನನಗೊಬ್ಬ ತಮ್ಮನಿದ್ದನೆಂಬುದು ನಲವತ್ತನೆಯ ವಯಸ್ಸಿನಲ್ಲಿ ನನಗೆ ತಿಳಿಯಿತು. ಅವರು ಮತ್ತೆ ಅದನ್ನು ಕುರಿತು ಮಾತನಾಡಲಿಲ್ಲ. ಆದರೆ ಊರಿಗೆ ಹೋದವರು ಪೆಟ್ಟಿಗೆಯ ತಳದಲ್ಲಿದ್ದ ಬೆಳ್ಳಿಯ ಒಳಲೆಯನ್ನು ತೆಗೆದು ಕುದಿಸಿ ಒರಸಿಟ್ಟರಂತೆ.

ಇಂಥ ಶಿಶುವಿಗೆ ಬೇಕಾದುದು ಉಸಿರು, ಹಾಲು, ಶಾಖ. ಚರ್ಮದಡಿಯಲ್ಲಿ ಕೊಬ್ಬಿಲ್ಲದ ದೇಹವು ಬಲುಬೇಗ ತಣ್ಣಗಾಗುತ್ತದೆ. ಶಾಖಕ್ಕೆ ಪೆಟ್ಟಿಗೆ ಯಂತ್ರಗಳಿರುವುವು. ಆದರೆ ೧೯೭೮ರ ಸುಮಾರಿಗೆ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಪೆಟ್ಟಿಗೆಗಳು ಸಾಲದೆ, ಒಂದೊಂದರಲ್ಲಿ ಎರಡು ಮೂರು ಕೂಸುಗಳನ್ನು ಮಲಗಿಸಿ ಸೋಂಕು ಹರಡುತ್ತಿರಲು, ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಕೂಸನ್ನು ತಾಯಿಯ ಎದೆಗೇ ಕಟ್ಟಿಸಿದರು. ಮರಿಯನ್ನು ಚೀಲದಲ್ಲಿ ಹೊರುವ ಪ್ರಾಣಿಯ ಹೆಸರಿನಿಂದ ಇದಕ್ಕೆ ಕಾಂಗರೂ ಆರೈಕೆಯೆಂದು ಹೆಸರಾಯಿತು. ಟೋಪಿ, ಕಾಲುಚೀಲ, ಲಂಗೋಟಿಗಳನ್ನು ಬಿಟ್ಟು ಮತ್ತಾವ ಬಟ್ಟೆಯೂ ಇಲ್ಲದೆ, ಕೂಸನ್ನು ನೆಟ್ಟಗೆ ಎದೆಯ ನಡುವೆ ಒರಗಿಸಿ, ಕೈಕಾಲುಗಳನ್ನು ಕಪ್ಪೆಯಂತೆ ಮಡಿಸಿ, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಕತ್ತು ಮುದುಡಿ ಉಸಿರು ಕಟ್ಟದಂತೆ ನೋಡಿಕೊಂಡು ಬಟ್ಟೆಯಿಂದ ಬಿಗಿಯಬೇಕು. ದಿನಕ್ಕೆ ಎಷ್ಟು ಹೆಚ್ಚು ಗಂಟೆಯಾದರೆ ಅಷ್ಟು ಒಳ್ಳೆಯದು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ೧ ಕಿಲೋಗ್ರಾಮಿನಿಂದ ೧,೭೯೯ ಗ್ರಾಮಿನವರೆಗಿನ ಶಿಶುಗಳಿಗೆ ಇದನ್ನು ಹುಟ್ಟಿದ ಕೂಡಲೇ ಆರಂಭಿಸಿದಾಗ ಮೊದಲ ೨೮ ದಿನಗಳ ಸಾವು ನಾಲ್ಕರಲ್ಲಿ ಒಂದು ಪಾಲು ಕಡಮೆಯಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಇದನ್ನು ಆಸ್ಪತ್ರೆಯಲ್ಲಿಯೂ ಮನೆಯಲ್ಲಿಯೂ ರೂಢಿಗೆ ತರುವ ಕೆಲಸ ನಡೆದಿದೆ.

ತಾಯಿ ದಣಿದಾಗ ತಂದೆಯೂ ಇದನ್ನು ಮಾಡಬಹುದು. ದಾದಿಯು, “ಸಾರ್, ಅಂಗಿ ಬಿಚ್ಚಿ ಕೂತ್ಕೊಳ್ಳಿ” ಎಂದಾಗ ನಾಚಿಕೆಯಿಂದ ನಾನು ಸುತ್ತ ನೋಡಿದೆ. ಆಮೇಲೆ ಎದೆಯ ಮೇಲೆ ಆ ಬಿಸಿಯಾದ ಸಣ್ಣ ಭಾರ ಬಂದು ಕುಳಿತಿತು. ಅದರ ಉಸಿರು ನನ್ನ ಗಂಟಲಿಗೆ ತಾಗುತ್ತಿತ್ತು. ಎರಡು ಗಂಟೆ ಕಾಲ ನಾನು ಕೆಮ್ಮಲೂ ಇಲ್ಲ.

ಇಷ್ಟೆಲ್ಲದರ ನಡುವೆ ನಾವು ಮರೆತದ್ದು ದೊಡ್ಡ ಮಗಳನ್ನು. ರಾತ್ರಿ ಮಲಗಿದಾಗ ಇದ್ದ ತಾಯಿಯು ಬೆಳಗ್ಗೆ ಎದ್ದಾಗ ಇರಲಿಲ್ಲ. ಯಾರೂ ಏನನ್ನೂ ಬಿಡಿಸಿ ಹೇಳಲಿಲ್ಲ. ಅಜ್ಜಿಯ ಕೈಯಲ್ಲಿ ತಲೆ ಬಾಚಿಸಿಕೊಳ್ಳಲು ಒಲ್ಲೆನೆಂದು ಆರು ದಿನ ಸಿಕ್ಕುಗಟ್ಟಿದ ಕೂದಲಿನಲ್ಲಿಯೇ ಇದ್ದಳು. ಭಾವಚಿತ್ರ ತೋರಿಸಿದರೆ, “ಇದು ಪಾಪು ಅಲ್ಲ, ಗುಬ್ಬಚ್ಚಿ ಮರಿ. ಅದನ್ನು ಅಲ್ಲೇ ಬಿಟ್ಟು ಅಮ್ಮ ಬರಲಿ” ಎಂದಳು. ಕಡೆಗೆ ಹನ್ನೆರಡನೆಯ ದಿನ ಅವಳನ್ನೇ ಶಿವಮೊಗ್ಗೆಗೆ ಕರೆತಂದೆವು. ತಾಯಿಯ ಮಡಿಲಲ್ಲಿ ಕುಳಿತು ಮಾತಿಲ್ಲದೆ ತಲೆ ಬಾಚಿಸಿಕೊಂಡಳು. ಎರಡನೆಯ ಕೂಸಿಗೆ ಅಪಾಯ ಬಂದ ಮನೆಯಲ್ಲಿ ಮೊದಲನೆಯದನ್ನು ಯಾರಾದರೊಬ್ಬರು ದಿನವೂ ಹತ್ತಿರ ಕೂರಿಸಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಬೇಕು. ನಾವು ಹೇಳಲಿಲ್ಲ.

ಇಪ್ಪತ್ತನಾಲ್ಕನೆಯ ದಿನ, ೨,೦೬೦ ಗ್ರಾಂ ತೂಕವಾದಾಗ, ಮನೆಗೆ ಕಳುಹಿಸಿದರು. ಎಣ್ಣೆ ನೀರು, ಸಾಂಬ್ರಾಣಿಯ ಹೊಗೆ, ಅಗ್ಗಿಷ್ಟಿಕೆ ಇವು ಸದ್ಯಕ್ಕೆ ಬೇಡವೆಂದು ವೈದ್ಯರು ಹೇಳಿದ್ದನ್ನು ತಾಯಿಯವರಿಗೆ ಹೇಗೆ ತಿಳಿಸುವುದೆಂದು ನನಗೆ ಚಿಂತೆಯಿತ್ತು. ಅವರು ಒಂದು ಮಾತೂ ಆಡದೆ ಬಾಣಂತಿಯ ಕೋಣೆಯಿಂದ ಹೊಗೆಯ ಬಟ್ಟಲನ್ನು ಎತ್ತಿ ಅಟ್ಟಕ್ಕಿಟ್ಟರು. ಒಂದು ತಿಂಗಳು ತುಂಬುವುದರೊಳಗೆ ಕಣ್ಣಿನ ಪರೀಕ್ಷೆಯಾಗಬೇಕಿತ್ತು. ಬೇಗ ಹುಟ್ಟಿದವರ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿ ಹೋಗುವ ಭಯವಿದೆ, ಸಕಾಲಕ್ಕೆ ಕಂಡರೆ ತಡೆಯಬಹುದು. ಹೊರಗೆ ಏನೂ ಕಾಣದಿರುವುದರಿಂದ ಬಹಳ ಮಂದಿ ಇದನ್ನು ತಪ್ಪಿಸಿಬಿಡುತ್ತಾರೆ. ಲಸಿಕೆಗಳನ್ನು ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು; ಆದರೆ ನಗುವುದು, ಮಗುಚುವುದು, ಕೂರುವುದು ಇವುಗಳನ್ನು ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು. ನೆರೆಯವರ ಮಗುವಿನ ಜೊತೆ ಹೋಲಿಸಿ ಕೊರಗಬಾರದು.

ಸೆಪ್ಟೆಂಬರ್ ೧೩, ಗುರುವಾರ, ಗಣಪತಿಯ ಹಬ್ಬ; ಅವನು ಹುಟ್ಟಿ ಸರಿಯಾಗಿ ಏಳು ವಾರ. ಪೂಜೆ ಮುಗಿಸಿ ಬಂದಾಗ ಮಗಳು ತೊಟ್ಟಿಲ ಬಳಿ ನಿಂತಿದ್ದಳು. “ಅಪ್ಪಾ, ಪಾಪು ಬರುವುದು ಇವತ್ತಲ್ಲವೇ?” ಎಂದಳು. ಹೌದೆಂದೆ. ಅವಳು ತೊಟ್ಟಿಲೊಳಕ್ಕೆ ಬಗ್ಗಿ, “ಬಂದೆಯಾ?” ಎಂದು ಕೇಳಿ, ಕೈಯಲ್ಲಿದ್ದ ಕಡುಬನ್ನು ಅವನ ಬಾಯಿಗೆ ಇಡಹೋದಳು. ಹಿಂದಿನಿಂದ ಅಜ್ಜಿಯ ಕೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು. ಇನ್ನೊಂದು ಕೈಯಲ್ಲಿ ಹಾಲು ತುಂಬಿದ ಒಳಲೆಯಿತ್ತು.